ಅರಳಿಕಟ್ಟೆ ಮೇಲಿನ ಸೈಕಲ್ಲು

ವೇದಿಕೆಯ ನಡುವೆ ವಿರಾಜಮಾನರಾಗಿರುವ ಸಭಾಧ್ಯಕ್ಷರೇ, ಅವರ ಪಕ್ಕದಲ್ಲಿ ಕೂತು ಆಗಲೇ ಒಂದೆರಡು ಸಲ ಗಡಿಯಾರ ನೋಡಿಕೊಂಡ ಮುಖ್ಯ ಅತಿಥಿಗಳೇ, ಹಳೇ ಸೈಕಲ್ ಪ್ರದರ್ಶನ ಸಮಿತಿಯ ಕಾರ್ಯದರ್ಶಿಗಳೂ ನಮ್ಮ ಶಿಡ್ಲಘಟ್ಟದ ಸೈಕಲ್ ಶಾಪಿನ ಮಾಲೀಕರೂ ಆದ ಶ್ರೀ ಚಲಪತಿಯವರೇ, ಮನೆಯ ಅಟ್ಟದಿಂದ, ಕೊಟ್ಟಿಗೆಯಿಂದ ಸೈಕಲ್ ಇಳಿಸಿ ಕೊಟ್ಟ ಮಹನೀಯರೇ, ಚಾಪೆ ಮೇಲೆ ಕೂತಿರುವ, ವಾರವೆಲ್ಲ ಬೆಲ್ ಹೊಡೆದು ಹೊಡೆದು ಹೆಬ್ಬೆರಳು ನೋಯಿಸಿಕೊಂಡಿರುವ ಮಕ್ಕಳೇ, ಬಲಗಡೆ ಕೂತಿರುವ ತಾಯಂದಿರೇ, ಆ ತಾಯಂದಿರ ನಡುವೆ ಮಡಿಲಲ್ಲಿ ಒಂದು ಗಂಟು ಇಟ್ಟುಕೊಂಡು ಕೂತಿರುವ ನನ್ನ ಹೆತ್ತ ತಾಯಿ ಓಬಳಮ್ಮನೇ, ಮತ್ತು ನಿಂತಿರುವ, ಕೂತಿರುವ, ಕಿಟಕಿಯಲ್ಲಿ ಇಣುಕುತ್ತಿರುವ ಸಮಸ್ತ ಸಭಿಕರೇ.

ನನಗೆ ಐದು ನಿಮಿಷ ಮಾತಾಡಿ ಎಂದಿದ್ದಾರೆ. ನಾನು ಮಿಡ್ಲ್ ಸ್ಕೂಲ್ ಮೇಷ್ಟ್ರು. ಐದು ನಿಮಿಷದಲ್ಲಿ ನಮ್ಮಲ್ಲಿ ಹಾಜರಿ ಕೂಗುವುದೂ ಮುಗಿಯುವುದಿಲ್ಲ. ಅಧ್ಯಕ್ಷರು ದಯವಿಟ್ಟು ಚೀಟಿ ಕಳಿಸಬಾರದು ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ಈ ಒಂದು ವಾರ ನಮ್ಮ ಊರು ಎಷ್ಟು ಚೆಂದ ಕಂಡಿತು! ಪೋಸ್ಟ್ ಆಫೀಸಿನ ಮುಂದೆ ಹಳೇ ಕಾಲದ ಅಂಚೆಯವನ ಕೆಂಪು ಸೈಕಲ್ಲು. ಗೂಡಿನ ಮಾರುಕಟ್ಟೆ ಬಾಗಿಲಲ್ಲಿ ರೇಷ್ಮೆಗೂಡಿನ ಮೂಟೆ ಹೊತ್ತು ಸವೆದ ಸೈಕಲ್ಲು. ಆಸ್ಪತ್ರೆ ಮುಂದೆ ಕಾಂಪೌಂಡರರ ಸೈಕಲ್ಲು, ಅದರ ಹಿಂದುಗಡೆ ಈಗಲೂ ಟಿಂಚರ್ ವಾಸನೆ. ಪ್ರತಿ ಸೈಕಲ್ಲಿಗೂ ಒಂದು ಬೋರ್ಡು, ಯಾರದು, ಯಾವ ಇಸವಿಯದು, ಎಲ್ಲೆಲ್ಲಿ ಓಡಾಡಿತು ಎಂದು. ಸೈಕಲ್ಲಿಗೂ ಚರಿತ್ರೆ ಉಂಟು ಎಂದು ನಮ್ಮ ಮಕ್ಕಳಿಗೆ ತಿಳಿದದ್ದು ಸಣ್ಣ ವಿಷಯವೇ? ಈ ಅರವತ್ತೆಂಟನೇ ಇಸವಿಯಲ್ಲಿ ಬಸ್ಸು ಬಂದಿದೆ, ಲಾರಿ ಬಂದಿದೆ, ಚಿಕ್ಕಬಳ್ಳಾಪುರದಲ್ಲಿ ಕೆಲವರು ಸ್ಕೂಟರ್ ಕೂಡ ಇಟ್ಟಿದ್ದಾರೆ. ಆದರೆ ನಮ್ಮ ಸೀಮೆಯನ್ನು ಒಂದಕ್ಕೊಂದು ಹೊಲಿದದ್ದು ಸೈಕಲ್ಲು. ಇದನ್ನು ನೆನೆಸಿಕೊಂಡ ಸಮಿತಿಗೆ ನನ್ನ ಮೊದಲ ವಂದನೆ.

ಇನ್ನು ಅರಳಿಕಟ್ಟೆ. ಕಟ್ಟೆಯ ಮೇಲೆ ಒಂದು ಕಪ್ಪು ಹರ್ಕ್ಯುಲಿಸ್ ಸೈಕಲ್ಲು ನಿಂತಿದೆ, ನೀವೆಲ್ಲ ನೋಡಿದ್ದೀರಿ. ಹ್ಯಾಂಡಲಿಗೆ ಒಂದು ಒಣಗಿದ ಸೋರೆಬುರುಡೆ ತೂಗುತ್ತದೆ. ಬೋರ್ಡಿನ ಮೇಲೆ, 'ಸಾದಲಿಯ ಮುನಿವೆಂಕಟಪ್ಪನವರ ಸೈಕಲ್, ಸಂದೇಶವಾಹಕ' ಎಂದು ಬರೆದಿದೆ. ಬಹಳ ಮರ್ಯಾದೆಯ ಮಾತು. ಬರೆದವರಿಗೆ ನಾನು ಕೃತಜ್ಞ. ಏನು ಸಂದೇಶ ಎಂದು ಮಾತ್ರ ಅವರು ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲವೋ ಏನೋ.

ಮುನಿವೆಂಕಟಪ್ಪ ನನ್ನ ತಂದೆ. ಅವರು ಹೊರುತ್ತಿದ್ದದ್ದು ಸಾವಿನ ಸುದ್ದಿ.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಊರಲ್ಲಿ ಯಾರಾದರೂ ತೀರಿಕೊಂಡರೆ, ಬೇರೆ ಬೇರೆ ಊರಿನಲ್ಲಿರುವ ನೆಂಟರಿಷ್ಟರಿಗೆ ಹೋಗಿ ತಿಳಿಸಬೇಕಲ್ಲ? ಆ ಕೆಲಸ ನಮ್ಮ ಕೇರಿಯದು. ನಮ್ಮ ತಾತನದು, ಅವರ ಅಪ್ಪನದು. ಸಾದಲಿಯಿಂದ ಚಿಂತಾಮಣಿ ಕಡೆಗೆ, ಚಿಕ್ಕಬಳ್ಳಾಪುರದ ಕಡೆಗೆ, ನಂದಿಗೆ, ಗೌರಿಬಿದನೂರಿಗೆ, ಎಲ್ಲ ಕಾಲ್ನಡಿಗೆ. ನಡೆದು ನಡೆದು ನಮ್ಮ ತಾತನ ಪಾದ ಎಷ್ಟು ಗಟ್ಟಿಯಾಗಿತ್ತೆಂದರೆ, ಜಾಲಿಮುಳ್ಳು ಚುಚ್ಚಿದರೆ ಮುಳ್ಳೇ ಮುರಿಯುತ್ತಿತ್ತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿಯ ಮಾತು, ಪೂರ್ತಿ ನಂಬಬೇಡಿ.

ಹಾಗಾದರೆ ಈ ಸೈಕಲ್ಲು ಎಲ್ಲಿಂದ ಬಂತು? ನಮ್ಮ ಸಾದಲಿಯ ಪಟೇಲರು ನರಸಿಂಹಪ್ಪನವರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅವರ ತಾಯಿ ತೀರಿಕೊಂಡರು. ಪಟೇಲರ ತಂಗಿಯನ್ನು ಗೌರಿಬಿದನೂರಿಗೆ ಕೊಟ್ಟಿತ್ತು. ನಮ್ಮಪ್ಪ ನಡೆದು ಹೋಗಿ ಹೇಳಿ, ಆಕೆ ಗಾಡಿ ಕಟ್ಟಿಸಿಕೊಂಡು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಕೆ ತಾಯಿಯ ಸಮಾಧಿಯ ಮೇಲಿನ ಹಸಿ ಮಣ್ಣು ಕೈಯಲ್ಲಿ ಹಿಡಿದು, ಅಣ್ಣನ ಮುಖ ನೋಡಿ, "ಮಣ್ಣು ನೋಡೋಕೆ ಕರೆಸಿದ್ಯೇನಣ್ಣಾ?" ಎಂದರಂತೆ. ಅಷ್ಟೇ ಮಾತು. ಆಮೇಲೆ ಬಹಳ ಕಾಲ ತವರಿಗೆ ಬರಲಿಲ್ಲ. ಪಟೇಲರು ತಮ್ಮ ಹರ್ಕ್ಯುಲಿಸ್ ಸೈಕಲ್ಲನ್ನು ನಮ್ಮಪ್ಪನ ಮುಂದೆ ತಂದು ನಿಲ್ಲಿಸಿ, "ಇನ್ಮೇಲೆ ಯಾರಿಗೂ ಹಿಂಗಾಗಬಾರದು ಕಣೋ ಮುನಿವೆಂಕಟ, ಇದನ್ನ ಕಲ್ತುಕೊ" ಎಂದರು.

ಕಲಿತುಕೊ ಎಂದರೆ ಆಯಿತೇ? ನಮ್ಮಪ್ಪ ಸಾದಲಿ ಕೆರೆ ಒಣಗಿದ್ದಾಗ ಕೆರೆ ಅಂಗಳದಲ್ಲಿ ಕಲಿತರು. ಇಡೀ ಕೇರಿ ಏರಿಯ ಮೇಲೆ ಕೂತು ನೋಡಿತು. ಹತ್ತುವುದು ಬಂತು, ತುಳಿಯುವುದು ಬಂತು, ಇಳಿಯುವುದು ಬರಲಿಲ್ಲ. ಸುತ್ತಿದರು, ಸುತ್ತಿದರು, ಕೊನೆಗೆ "ಯಾರಾದ್ರೂ ಹಿಡ್ಕಳ್ರೋ!" ಎಂದು ಕೂಗುತ್ತಾ ಎಮ್ಮೆಗಳು ಮಲಗಿದ್ದ ಕೆಸರಿಗೆ ಹೋಗಿ ಇಳಿದರು. ನಮ್ಮಮ್ಮ ಇವತ್ತಿಗೂ ಈ ಮಾತು ಬಂದರೆ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾಳೆ. ನೋಡಿ, ಈಗಲೂ ಇಟ್ಟುಕೊಂಡಳು.

ಆ ಸೈಕಲ್ಲಿಗೆ ಆಗ ಬೆಲ್ ಇತ್ತು. ಇದನ್ನು ನೀವು ನೆನಪಿಡಬೇಕು. ಗುಂಡನೆಯ, ಮೇಲೆ ಹೂವಿನ ಚಿತ್ತಾರ ಇದ್ದ ಬೆಲ್. ಹೊಸದರಲ್ಲಿ ನಮ್ಮಪ್ಪ ಮರಕ್ಕೂ ಬೆಲ್ ಹೊಡೆಯುತ್ತಿದ್ದರು, ಮೈಲಿಗಲ್ಲಿಗೂ ಹೊಡೆಯುತ್ತಿದ್ದರು. ಆದರೆ ಜನರ ಕಿವಿ ಬಹಳ ಬೇಗ ಕಲಿಯುತ್ತದೆ, ಸ್ವಾಮಿ. ಒಂದು ವರ್ಷ ಕಳೆಯುವುದರೊಳಗೆ ಸುತ್ತಮುತ್ತ ಆ ಶಬ್ದ ಎಲ್ಲರಿಗೂ ಗುರುತಾಯಿತು. ಬೆಲ್ ಕೇಳಿದರೆ ಸಾಕು, ಹೆಂಗಸರು ಕೈಯಲ್ಲಿದ್ದದ್ದು ಬಿಟ್ಟು ಬೀದಿಗೆ ಬರುತ್ತಿದ್ದರು. ನಮ್ಮ ಕಡೆ ತೆಲುಗೂ ಓಡುತ್ತದಲ್ಲ, "ಎವುರು ಪೋಯಿನಾರಪ್ಪಾ?" ಎಂದು ಕೇಳುತ್ತಿದ್ದರು. ಯಾರು ಹೋದರಪ್ಪಾ, ಎಂದು. ಆ ಬೆಲ್ಲಿಗೆ ಅದೊಂದೇ ಅರ್ಥ ಉಳಿಯಿತು.

ಬಯ್ಯಪ್ಪ ಎಂಬ ಮುದುಕರು ಒಬ್ಬರಿದ್ದರು, ಊರಿನ ಹೆಸರು ಬೇಡ. ತಿಂಗಳಿಂದ ಹಾಸಿಗೆ ಹಿಡಿದಿದ್ದರು. ನಮ್ಮಪ್ಪ ಬೇರೆ ಊರಿಗೆ ಹೋಗುತ್ತಾ ಅವರ ಮನೆ ಮುಂದೆ ನಾಯಿಗೆ ಬೆಲ್ ಹೊಡೆದರು. ಒಳಗಿಂದ ಕೂಗು ಬಂತು: "ಲೇ ಮುನಿವೆಂಕಟಾ! ನಾನಿನ್ನೂ ಇದೀನಿ ಕಣೋ! ಯಾವನೋ ನಿನ್ನ ಕಳ್ಸಿದ್ದು? ನಡೀ ಆಚೆಗೆ!" ಆ ಕೋಪದಲ್ಲೇ ಎದ್ದು ಕೂತವರು ಎಷ್ಟೋ ವರ್ಷ ಬದುಕಿದರು. ನಮ್ಮಪ್ಪನಿಗೆ ಆ ಮನೆಯವರು ವೈದ್ಯರ ಫೀಜು ಕೊಡಬೇಕಿತ್ತು.

ನಗಿ, ನಗಿ. ನಮ್ಮಪ್ಪನೂ ನಗುತ್ತಲೇ ಹೇಳುತ್ತಿದ್ದರು.

ಆದರೆ ಕಳವಾರದ ಕದಿರಮ್ಮನವರ ವಿಷಯ ಹೇಳುವಾಗ ನಗುತ್ತಿರಲಿಲ್ಲ. ಕಳವಾರ ನಿಮಗೆ ಗೊತ್ತು, ಬೆಟ್ಟದ ಬುಡದ ಊರು. ಕದಿರಮ್ಮನವರದು ಹೊಲ ಮನೆ ಇದ್ದ ಒಕ್ಕಲು ಮನೆತನ, ಮನೆ ತುಂಬ ರೇಷ್ಮೆಹುಳು. ಒಬ್ಬನೇ ಮಗ ಚನ್ನಕೇಶವ ಕೋಲಾರದ ಚಿನ್ನದ ಗಣಿಯಲ್ಲಿ, ಭೂಮಿಯ ಒಳಗೆ ಇಳಿಯುವ ಕೆಲಸದಲ್ಲಿದ್ದ. ಗಣಿಯಲ್ಲಿ ಮಗ ಇರುವ ತಾಯಿಯ ಕಿವಿ ಹೇಗಿರುತ್ತದೆ ಎಂದು ನಾನು ಹೇಳಬೇಕೇ?

ಹುಳು ನಾಲ್ಕನೇ ಜ್ವರದಿಂದ ಎದ್ದು ಗಬಗಬ ಸೊಪ್ಪು ತಿನ್ನುವ ಕಾಲ. ಹುಳ ಸಾಕದವರಿಗೆ ಹೇಳುತ್ತೇನೆ, ಜ್ವರ ಎಂದರೆ ಕಾಯಿಲೆ ಅಲ್ಲ, ಹುಳು ಪೊರೆ ಬಿಡಲು ಮಲಗುವುದು. ಆ ತಾಯಿ ಹುಳದ ತಟ್ಟೆ ಹಿಡಿದು ಅಂಗಳಕ್ಕೆ ಬಂದಿದ್ದಾರೆ. ನಮ್ಮಪ್ಪ ಗೌರಿಬಿದನೂರಿನಿಂದ ಕೆಲಸ ಮುಗಿಸಿ ವಾಪಸು ಬರುತ್ತಿದ್ದಾರೆ. ಒಂದು ಮೇಕೆ ಅಡ್ಡ ಬಂತು. ಬೆಲ್ ಹೊಡೆದರು.

ತಟ್ಟೆ ಕೈಯಿಂದ ಜಾರಿ ಬಿತ್ತು. ಅಂಗಳದ ತುಂಬ ಹುಳು. ಆ ತಾಯಿ ಗೋಡೆ ಹಿಡಿದು ನಿಂತು, "ನನ್ನ ಮಗನೇನೋ?" ಎಂದರು. "ಇಲ್ಲ ತಾಯೀ, ಮೇಕೆ. ಮೇಕೆ ಅಡ್ಡ ಬಂತು, ಅದಕ್ಕೆ ಹೊಡ್ದೆ" ಎಂದು ನಮ್ಮಪ್ಪ ಸೈಕಲ್ಲು ಬಿಟ್ಟು ಓಡಿ ಬಂದು, ಗೇಟಿನ ಹತ್ತಿರ ನಿಂತುಬಿಟ್ಟರು. ಒಳಗೆ ಹೋಗುವ ಹಾಗಿಲ್ಲ. ನಮ್ಮ ಕೇರಿಯವರು ಅಂಗಳ ಹತ್ತುವಂತಿಲ್ಲ, ಅದು ಒಂದು. ಸಾವಿನ ಸುದ್ದಿ ಹೊರುವವನ ನೆರಳು ಹುಳದ ಮನೆಗೆ ಬೀಳಬಾರದು ಎಂದು ಈ ಸೀಮೆಯ ನಂಬಿಕೆ, ಅದು ಇನ್ನೊಂದು. ಕೋಳಿಗಳು ಹುಳ ಹೆಕ್ಕಲು ಬರುತ್ತಿವೆ. ಕದಿರಮ್ಮನವರು ಹುಳ ಆಯಲು ಕೂತು ಅಲ್ಲಿಂದಲೇ, "ನೋಡ್ತಾ ನಿಂತ್ಕೊಂಡ್ಯಲ್ಲಪ್ಪ, ಬಾ, ಆಯ್ಕೊಡು" ಎಂದರು. ನಮ್ಮಪ್ಪ ಹೋದರು. ಇಬ್ಬರೂ ಮಣ್ಣಿನಲ್ಲಿ ಕೂತು ಒಂದೊಂದೇ ಹುಳು ಆಯ್ದು ತಟ್ಟೆಗೆ ಹಾಕಿದರು. ಬೆರಳಿನ ತುದಿಯಲ್ಲಿ, ನೋಯದ ಹಾಗೆ. ಆ ಸಲ ಅವರ ಮನೆಯ ಗೂಡು ಚೆನ್ನಾಗಿಯೇ ಆಯಿತು, ಇದನ್ನೂ ಹೇಳಿಬಿಡುತ್ತೇನೆ. ಹುಳಕ್ಕೆ ಯಾರ ಕೈ ಎಂದು ತಿಳಿಯಲಿಲ್ಲ ಎಂದು ಕಾಣುತ್ತದೆ.

ಹೊರಡುವಾಗ ಆಕೆ, "ಆ ಗಂಟೆ ಕೇಳಿದ್ರೆ ನನ್ನ ಎದೆ ಒಡೆದುಹೋಗ್ತದೆ ಕಣಪ್ಪ" ಎಂದರು. ಬಯ್ಯಲಿಲ್ಲ. ಸುಮ್ಮನೆ ಹೇಳಿದರು.

ಅವತ್ತು ಸಂಜೆ ನಮ್ಮಪ್ಪ ಮನೆಗೆ ಬಂದವರೇ ಬೆಲ್ ಬಿಚ್ಚಿದರು. ನಾನು ಪಕ್ಕದಲ್ಲೇ ಇದ್ದೆ, ಆಟಕ್ಕೆ ಕೊಡು ಎಂದು ಹಟ ಮಾಡಿದೆ. ಕೊಡಲಿಲ್ಲ. ರಾಗಿ ಗುಡಾಣದ ತಳಕ್ಕೆ ಕೈ ಬಿಟ್ಟು ಅಲ್ಲಿಟ್ಟರು. ಪ್ರತಿ ವರ್ಷ ರಾಗಿ ಮುಗಿಯುತ್ತಾ ಬಂದಾಗ ಅದು ಮೇಲೆ ಕಾಣಿಸುವುದು, ನಮ್ಮಮ್ಮ ಸೆರಗಿನಲ್ಲಿ ಒರೆಸಿ ಮತ್ತೆ ತಳಕ್ಕೆ ಇಡುವುದು.

ಅಂದಿನಿಂದ ನಮ್ಮಪ್ಪನ ಕ್ರಮವೇ ಬೇರೆಯಾಯಿತು. ಊರ ಬಾಗಿಲಲ್ಲಿ ಸೈಕಲ್ಲಿನಿಂದ ಇಳಿಯುವುದು. ತಳ್ಳಿಕೊಂಡು ನಿಧಾನವಾಗಿ ಹೋಗುವುದು. ಮನೆಯ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲುವುದು, ಒಳಗಿನವರು ತಾವಾಗಿ ನೋಡುವವರೆಗೆ. ಇಳಿದು ನಡೆಯುವುದನ್ನು ಕಂಡು ಕೆಲವರು, "ಮುನಿವೆಂಕಟ ತನ್ನ ಯೋಗ್ಯತೆ ತಿಳಿದವನು, ನಮ್ಮ ಬೀದೀಲಿ ಸೈಕಲ್ ಹತ್ತಲ್ಲ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಸಭಿಕರೇ, ಇದಕ್ಕೆ ಉತ್ತರ ಹೇಳಬೇಕೆಂದು ಬಹಳ ವರ್ಷದಿಂದ ಕಾದಿದ್ದೇನೆ. ಅವರು ನಿಮಗೆ ಹೆದರಿ ಇಳಿದವರಲ್ಲ. ನಿಮ್ಮ ಮನೆಯ ದುಃಖಕ್ಕೆ ಇಳಿದವರು. ನಮ್ಮ ಕೇರಿಗೆ ಸುದ್ದಿ ತಂದಾಗಲೂ ಅವರು ಹಾಗೆಯೇ ಇಳಿಯುತ್ತಿದ್ದರು.

ಕ್ಷಮಿಸಿ. ಸ್ವಲ್ಪ ಧ್ವನಿ ಏರಿತು.

ಆ ಸೋರೆಬುರುಡೆ ಯಾಕೆ ಎಂದು ಮಕ್ಕಳು ಕೇಳುತ್ತಿದ್ದರು. ಅದು ನೀರಿನ ಬುರುಡೆ. ಸುದ್ದಿ ಹೇಳುವ ಮುಂಚೆ ಅವರು ಯಾವ ಮನೆಯಲ್ಲೂ ನೀರು ಕೇಳುತ್ತಿರಲಿಲ್ಲ. "ನೀರು ಕೊಟ್ಟ ಕೈಗೆ ತಿರುಗಿ ಇಂಥ ಮಾತು ಕೊಡೋಕಾಗುತ್ತೇನೋ?" ಎನ್ನುತ್ತಿದ್ದರು. ಹೇಳಿದ ಮೇಲೆ ಕೇಳುವ ಪ್ರಶ್ನೆಯೇ ಇಲ್ಲ. ಅಳುವವರನ್ನು ನೀರು ಕೊಡಿ ಎಂದು ಕೇಳುತ್ತಾರೆಯೇ? ಹೀಗಾಗಿ ಇಷ್ಟೂ ಊರಿನಲ್ಲಿ ಅವರಿಗೆ ಒಂದು ತೊಟ್ಟು ನೀರು ಹುಟ್ಟಲಿಲ್ಲ.

ಬೆಲ್ ಇಲ್ಲದ್ದಕ್ಕೆ ತೊಂದರೆಯೂ ಆಯಿತು. ಚಿಂತಾಮಣಿಯಲ್ಲಿ ಒಬ್ಬ ಪೇದೆ ಹಿಡಿದು ನಿಲ್ಲಿಸಿ, "ಬೆಲ್ ಎಲ್ಲಯ್ಯಾ? ಕೇಸ್ ಹಾಕ್ತೀನಿ" ಎಂದರಂತೆ. ನಮ್ಮಪ್ಪ ಕೈಮುಗಿದು, "ಸ್ವಾಮೀ, ನಾನು ಸಾವಿನ ಸುದ್ದಿ ಹೇಳೋನು" ಎಂದರು. ಪೇದೆಯವರು ಹಿಂದಕ್ಕೆ ಸರಿದು, ಟೋಪಿ ತೆಗೆದು, ಸಣ್ಣ ಧ್ವನಿಯಲ್ಲಿ "ನಮ್ಮ ಮನೆಗಲ್ಲ ತಾನೇ?" ಎಂದರಂತೆ. ಅಲ್ಲ ಎಂದ ಕೂಡಲೇ, "ಹಂಗಾದ್ರೆ ಹೋಗಪ್ಪ, ಬೇಗ ಹೋಗು" ಎಂದು ದಾರಿ ಬಿಟ್ಟರು.

ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ನಮ್ಮ ಕೇರಿಯಲ್ಲಿ ಮೊದಲು ಪಾಸಾದವನು ನಾನೇ, ಹೇಳಿಕೊಳ್ಳಬಾರದು, ಆದರೂ ಹೇಳಿಕೊಂಡೆ. ನಮ್ಮಪ್ಪನ ಸಂತೋಷ ಹೇಳತೀರದು. ಕ್ಷೌರ ಮಾಡಿಸಿಕೊಂಡು, ಒಗೆದ ಪಂಚೆ ಉಟ್ಟು, ಟವೆಲ್ಲಿನಲ್ಲಿ ಕಲ್ಲುಸಕ್ಕರೆ ಕಟ್ಟಿಕೊಂಡು ನಂದಿಯಲ್ಲಿದ್ದ ನಮ್ಮ ಅತ್ತೆ ಮುನಿಶಾಮಮ್ಮನ ಮನೆಗೆ ಹೊರಟರು. ಬದುಕಿನಲ್ಲಿ ಮೊದಲ ಸಲ ಒಳ್ಳೆ ಸುದ್ದಿ ಹೊತ್ತು ಹೊರಟಿದ್ದರು. ನಮ್ಮಮ್ಮ ಗುಡಾಣಕ್ಕೆ ಕೈಹಾಕಿ ಬೆಲ್ ತೆಗೆದು, "ಇವತ್ತಾದ್ರೂ ಹಾಕ್ಕೊಂಡು ಹೋಗು" ಎಂದಳು. ನಮ್ಮಪ್ಪ ಒಂದು ಗಳಿಗೆ ಅದನ್ನು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ, "ಬೇಡ ಓಬಳಿ. ದಾರೀಲಿರೋ ಊರೋರು ಹೆದರ್ಕೊತಾರೆ. ಜನ ಎಲ್ಲಾ ಇದರ ಸದ್ದು ಕೇಳಿ ನಗೋ ಕಾಲ ಬಂದಾಗ ಹಾಕಣ" ಎಂದರು.

ನಂದಿಗೆ ಹೋದರು. ಅಭ್ಯಾಸಬಲ ನೋಡಿ, ಊರ ಬಾಗಿಲಲ್ಲಿ ಇಳಿದರು. ತಳ್ಳಿಕೊಂಡು ಹೋದರು. ಮನೆ ಮುಂದೆ ಸುಮ್ಮನೆ ನಿಂತರು! ನಮ್ಮತ್ತೆ ಕಂಡದ್ದೇ ತಡ, ಎದೆ ಬಡಿದುಕೊಳ್ಳಲು ಶುರುಮಾಡಿದಳು. "ಅಯ್ಯೋ ಅಣ್ಣಾ, ಯಾರೋ? ಅತ್ತಿಗೆಯೇನೋ? ಮಗುವೇನೋ?" ಬೀದಿಯೇ ಸೇರಿತು. ಅಕ್ಕಪಕ್ಕದವರೂ ಜೊತೆಗೆ ದನಿ ತೆಗೆದರು. ನಮ್ಮಪ್ಪ "ಪಾಸಾದ ಕಣಮ್ಮಾ, ಆವಲಪ್ಪ ಪಾಸಾದ!" ಎಂದು ಕೂಗುತ್ತಿದ್ದಾರೆ, ಕೇಳುವವರು ಯಾರು? ಕೊನೆಗೆ ದಾರಿ ಕಾಣದೆ, ಅಳುತ್ತಾ ಬಾಯಿ ತೆರೆದಿದ್ದ ತಂಗಿಯ ಬಾಯಿಗೆ ಒಂದು ದೊಡ್ಡ ಕಲ್ಲುಸಕ್ಕರೆ ಹಾಕಿಬಿಟ್ಟರು. ಆಗ ಸುಮ್ಮನಾದಳು. ಸಕ್ಕರೆ ಚೀಪುತ್ತಾ, ಕಣ್ಣೀರು ಸುರಿಸುತ್ತಾ, "ಯಾರೂ ಸತ್ತಿಲ್ವಾ?" ಎಂದು ಕೇಳಿದಳಂತೆ.

ಈ ಕಥೆಯನ್ನು ನಮ್ಮಪ್ಪ ಎಷ್ಟು ಸಲ ಹೇಳಿದರೋ. ಹೇಳಿ ನಗುತ್ತಿದ್ದರು, ನಕ್ಕು ಆಮೇಲೆ ಒಂದು ಬೀಡಿ ಹಚ್ಚುತ್ತಿದ್ದರು. ಒಳ್ಳೆ ಸುದ್ದಿ ತಂದರೂ ಜನ ನಂಬದ ಮುಖ ನನ್ನದಾಯಿತಲ್ಲ ಎಂದು ಅನಿಸುತ್ತಿತ್ತೇನೋ. ನಾನು ಕೇಳಲಿಲ್ಲ.

ನಾಲ್ಕು ವರ್ಷದ ಹಿಂದೆ, ಮುಂಗಾರು ಶುರುವಾದಾಗ, ಅವರೇ ಹೋದರು. ಬೆಳಿಗ್ಗೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ಕೂತಿದ್ದವರು ಹಾಗೆಯೇ ಒರಗಿದರು. ಕೇರಿಯವರೆಲ್ಲ ಸೇರಿದರು. ಆಗ ಒಂದು ಪ್ರಶ್ನೆ ಎದ್ದಿತು. ಮುನಿವೆಂಕಟಪ್ಪ ತೀರಿಕೊಂಡ ಸುದ್ದಿಯನ್ನು ಹೇಳಿಬರುವವರು ಯಾರು? ತಂತಿ ಕೊಡೋಣ ಎಂದರು ಕೆಲವರು. ನಮ್ಮಮ್ಮ ತಲೆ ಎತ್ತಿ, "ಗಾಡಿ ಇದೆಯಲ್ಲ" ಎಂದು ಸೈಕಲ್ಲು ತೋರಿಸಿದಳು.

ನಾನು ಹೊರಟೆ. ಆಗ ನಾನು ಶಿಡ್ಲಘಟ್ಟದಲ್ಲಿ ಮೇಷ್ಟ್ರು, ಪ್ಯಾಂಟು ಹಾಕುತ್ತಿದ್ದವನು. ಈ ಕೆಲಸ ತಮ್ಮ ತಲೆಗೇ ಮುಗಿಯಲಿ ಎಂದೇ ನಮ್ಮಪ್ಪ ನನ್ನನ್ನು ಓದಿಸಿದ್ದು. ಆದರೆ ಅವತ್ತು ಆ ಸೈಕಲ್ಲು ಹತ್ತಿದೆ. ಒಂದೊಂದು ಊರ ಬಾಗಿಲಲ್ಲೂ ನನ್ನ ಕಾಲು ತಾನಾಗಿ ಕೆಳಗೆ ಇಳಿಯಿತು. ಯಾರೂ ಹೇಳಿಕೊಟ್ಟಿರಲಿಲ್ಲ. ತಳ್ಳಿಕೊಂಡು ಹೋದೆ. ಜನ ಹೊರಗೆ ಬಂದರು, ಸೈಕಲ್ಲು ನೋಡಿದರು, ಸೈಕಲ್ಲಿನ ಪಕ್ಕದಲ್ಲಿ ನನ್ನನ್ನು ನೋಡಿದರು. ಯಾವ ಊರಿನಲ್ಲೂ ಯಾರೂ "ಎವುರು ಪೋಯಿನಾರಪ್ಪಾ" ಎಂದು ಕೇಳಲಿಲ್ಲ. ನಾನು ಬಾಯಿ ಬಿಡಬೇಕಾಗಲಿಲ್ಲ.

ಕಳವಾರದಲ್ಲಿ ಕದಿರಮ್ಮನವರು ಅಂಗಳದಲ್ಲಿ ಕೂತಿದ್ದರು. ನೋಡಿದರು. ಎದ್ದು ಒಳಗೆ ಹೋದರು. ನನಗೆ ಬೇಸರವಾಯಿತು, ಒಂದು ಮಾತೂ ಆಡದೆ ಹೋದರಲ್ಲ ಎಂದು. ಆಕೆ ಚೊಂಬಿನಲ್ಲಿ ನೀರು ತಂದರು. ನಮ್ಮ ಕೇರಿಯವರಿಗೆ ಹುಯ್ಯುವ ಹಾಗೆ ಮೇಲಿಂದ ಬೊಗಸೆಗೆ ಎತ್ತಿ ಹುಯ್ಯಲಿಲ್ಲ. ಚೊಂಬನ್ನೇ ನನ್ನ ಕೈಗೆ ಇಟ್ಟರು. "ಕುಡಿಯಪ್ಪ. ನಿಮ್ಮಪ್ಪ ಇಷ್ಟು ವರ್ಷ ಬಂದ, ಒಂದು ದಿನವೂ ನೀರು ಕೇಳಲಿಲ್ಲ. ಕೇಳಿದ್ರೆ ಕೊಡ್ತಿದ್ವೋ ಇಲ್ವೋ, ಅದೂ ನಂಗೊತ್ತಿಲ್ಲ" ಎಂದರು. ಆಗ ನಾನು ಅತ್ತೆ. ಅಲ್ಲಿಯವರೆಗೆ ಅತ್ತಿರಲಿಲ್ಲ.

ಆಮೇಲೆ ನಾನು ಯಾವ ಸೈಕಲ್ಲೂ ಹತ್ತಿಲ್ಲ. 'ಆವಲಪ್ಪ ಮೇಷ್ಟ್ರು ಜಿಪುಣರು, ಟಯರು ಸವೆಯುತ್ತದೆ ಅಂತ ನಡೆದು ಬರುತ್ತಾರೆ' ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಾರೆ. ಮಾಡಲಿ. ನನಗೆ ಆಗುವುದಿಲ್ಲ, ಅಷ್ಟೇ.

ಈಗ ಈ ವಾರದ ಮಾತಿಗೆ ಬರುತ್ತೇನೆ. ಪ್ರದರ್ಶನದ ಮೊದಲ ದಿನ ನಾನು ಅರಳಿಕಟ್ಟೆಗೆ ಹೋದೆ. ನಮ್ಮಪ್ಪ ಹತ್ತುವ ಹಾಗಿಲ್ಲದಿದ್ದ ಕಟ್ಟೆ ಅದು, ಅವರ ಸೈಕಲ್ಲು ಹತ್ತಿ ಕೂತಿತ್ತು. ಹತ್ತಿರ ಹೋಗುವಾಗಲೇ ಶಬ್ದ ಕೇಳಿಸಿತು. ಟ್ರಿಣ್ ಟ್ರಿಣ್. ಮಕ್ಕಳು ಸಾಲಾಗಿ ನಿಂತು ಬೆಲ್ ಹೊಡೆಯುತ್ತಿದ್ದಾರೆ. ಥಳಥಳ ಹೊಳೆಯುವ ಹೊಸ ಬೆಲ್! ನೇರವಾಗಿ ಚಲಪತಿಯವರ ಅಂಗಡಿಗೆ ಹೋದೆ. ಅವರು ನಗುನಗುತ್ತಾ, "ಬೆಲ್ ಇರಲಿಲ್ಲ ಮೇಷ್ಟ್ರೇ, ಯಾವನೋ ಕದ್ದಿರಬೇಕು. ನಮ್ಮ ಅಂಗಡಿದೇ ಒಂದು ಬಿಟ್ಟಿ ಹಾಕ್ಸಿದೀನಿ" ಎಂದರು. ತೆಗೆಯಿರಿ ಎಂದೆ. ಬೆಲ್ ಇಲ್ಲದ ಸೈಕಲ್ಲು ಮೂಗಿಲ್ಲದ ಮುಖ, ಪ್ರದರ್ಶನಕ್ಕೆ ಇಡುವುದು ಹೇಗೆ ಎಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವರು, "ಸಮಾರೋಪದ ದಿನ ಸಭೆ ಮುಂದೆ ಕಾರಣ ಹೇಳಿ. ನೀವು ಹೇಳಿದ ಹಂಗೆ ಮಾಡ್ತೀನಿ" ಎಂದರು. ಆದ್ದರಿಂದಲೇ ಇವತ್ತು ನಾನು ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಬಂದಿದ್ದೇನೆ. ನೋಡಿ, ಇದೇ. ಆ ಬೆಲ್ ಬಿಚ್ಚಿ, ನಮ್ಮಪ್ಪನ ಸೈಕಲ್ಲನ್ನು ಅವರು ಬಿಟ್ಟುಹೋದ ಹಾಗೆಯೇ ನಿಲ್ಲಿಸಬೇಕು ಎಂಬುದೇ ನನ್ನ ತೀರ್ಮಾನವಾಗಿತ್ತು. ಭಾಷಣವನ್ನೂ ಹಾಗೆಯೇ ಸಿದ್ಧಮಾಡಿದ್ದೆ.

ನಿನ್ನೆ ಮಧ್ಯಾಹ್ನ ಆ ಭಾಷಣ ಕೆಟ್ಟುಹೋಯಿತು.

ಕದಿರಮ್ಮನವರು ಬಸ್ಸಿನಲ್ಲಿ ಬಂದರು. ಬಹಳ ಬಗ್ಗಿದ್ದಾರೆ ಈಗ. ಹಿಂದೆ ಕೊಡೆ ಹಿಡಿದು ನಡುವಯಸ್ಸಿನ ಮಗ ಚನ್ನಕೇಶವ, ಅದೇ ಗಣಿಯ ಮಗ, ರಜ ಹಾಕಿ ಬಂದವನು. ಯಾವ ಮಗನಿಗಾಗಿ ಆ ತಾಯಿಯ ಕೈಯಿಂದ ಹುಳದ ತಟ್ಟೆ ಬಿದ್ದಿತೋ, ಆ ಮಗ. ಅವನಿಗೆ ಏನೂ ಗೊತ್ತಿಲ್ಲ. ಸೈಕಲ್ಲು ಕಂಡವನೇ ಮಕ್ಕಳ ಹಾಗೆ ಟ್ರಿಣ್ ಎಂದು ಬೆಲ್ ಹೊಡೆದುಬಿಟ್ಟ. ನಾನು ಗಾಬರಿಯಿಂದ ಆ ತಾಯಿಯ ಕೈ ಹಿಡಿದುಕೊಂಡೆ. ಆಕೆ ಕಣ್ಣು ಮುಚ್ಚಿದರು. ಆಮೇಲೆ ತೆರೆದು ಮಗನ ಮುಖ ನೋಡಿದರು. "ಹೊಡಿಯೋ," ಎಂದರು, "ಇನ್ನೊಂದು ಸಲ ಹೊಡಿ." ಅವನು ಹೊಡೆದ. ಆಕೆ ನಕ್ಕರು. ಸುತ್ತ ನಿಂತ ಮಕ್ಕಳೂ ನಕ್ಕರು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ನಮ್ಮಮ್ಮನಿಗೆ ಹೇಳಿದೆ. ಇವತ್ತು ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅರ್ಧ ರಾಗಿಯನ್ನು ಚಾಪೆ ಮೇಲೆ ಸುರಿದುಕೊಂಡು ಗುಡಾಣದ ಒಳಗೆ ಮೊಣಕೈವರೆಗೆ ಕೈಬಿಟ್ಟಿದ್ದಳು. "ಏನಮ್ಮಾ?" ಎಂದರೆ, "ಜನ ಎಲ್ಲಾ ನಗೋ ಕಾಲ ಬಂದಾಗ ಹಾಕಣ ಅಂತ ನಿಮ್ಮಪ್ಪ ಹೇಳಿರಲಿಲ್ವೇನೋ? ವಾರದಿಂದ ಊರೆಲ್ಲ ಆ ಗಾಡಿ ಸುತ್ತ ನಿಂತು ನಗ್ತಾ ಅದೆ. ಇನ್ನೆಂಥ ಕಾಲಕ್ಕೆ ಕಾಯ್ತಿಯೋ ಮೇಷ್ಟ್ರೇ?" ಎಂದಳು. ನನ್ನ ತಾಯಿಗೆ ಕೋಪ ಬಂದಾಗ ನನ್ನನ್ನು ಮೇಷ್ಟ್ರೇ ಎನ್ನುತ್ತಾಳೆ.

ಆಕೆಯ ಮಡಿಲಿನ ಗಂಟಿನಲ್ಲಿ ಏನಿದೆ ಎಂದು ಇನ್ನು ನಾನು ಹೇಳಬೇಕಾಗಿಲ್ಲ.

ಚಲಪತಿಯವರೇ, ತಮ್ಮ ಹೊಸ ಬೆಲ್ಲನ್ನು ಬಿಚ್ಚಿ ವಂದನೆಗಳೊಂದಿಗೆ ತಮಗೇ ಒಪ್ಪಿಸುತ್ತೇನೆ. ತಾವು ಗೆದ್ದಿರಿ, ಬೆಲ್ ಇರುತ್ತದೆ. ನಾನೂ ಗೆದ್ದೆ, ಅದು ನಮ್ಮಪ್ಪನದೇ ಆಗಿರುತ್ತದೆ. ಜಗಳ ಆಡಿದ್ದಕ್ಕೆ ತಾವು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬಾರದು. ತಾವು ಆ ಸೈಕಲ್ಲನ್ನು ಬೇರೆಲ್ಲೂ ಅಲ್ಲ, ಅರಳಿಕಟ್ಟೆಯ ಮೇಲೆಯೇ ಇಟ್ಟಿರಿ. ಯೋಚಿಸಿ ಇಟ್ಟಿರೋ, ನೆರಳಿದೆ ಎಂದು ಇಟ್ಟಿರೋ, ನನಗೆ ತಿಳಿಯದು. ಎರಡಕ್ಕೂ ನಾನು ಋಣಿ.

ಮಾತು ಉದ್ದವಾಯಿತು. ಚೀಟಿ ಕಳಿಸದ ಅಧ್ಯಕ್ಷರಿಗೆ, ಆಮೇಲೆ ಗಡಿಯಾರ ನೋಡುವುದನ್ನು ಬಿಟ್ಟ ಮುಖ್ಯ ಅತಿಥಿಗಳಿಗೆ, ಸಮಿತಿಯವರಿಗೆ, ಬೋರ್ಡು ಬರೆದ ಹುಡುಗರಿಗೆ, ಕಳವಾರದ ಆ ತಾಯಿಗೆ, ತಮಗೆಲ್ಲರಿಗೂ ನನ್ನ ವಂದನೆಗಳು.

ಈಗ ನಾನು ನಮ್ಮಮ್ಮನ ಕೈ ಹಿಡಿದು ಕಟ್ಟೆಗೆ ಹೋಗುತ್ತೇನೆ. ಆಕೆ ಕಟ್ಟೆ ಹತ್ತುತ್ತಾಳೆ. ಮೊದಲ ಬೆಲ್ ಆಕೆ ಹೊಡೆಯಲಿ, ಮಕ್ಕಳು ಸ್ವಲ್ಪ ತಾಳಬೇಕು. ಅಷ್ಟು ವರ್ಷ ರಾಗಿಯಲ್ಲಿ ಮಲಗಿದ ಬೆಲ್, ಟ್ರಿಣ್ ಎನ್ನುತ್ತದೋ ಬರೀ ಕಟಕಟ ಎನ್ನುತ್ತದೋ ಹೇಳಲಾರೆ. ಆ ಸದ್ದು ಈ ಸಭಾಭವನದವರೆಗೆ ಕೇಳಿಸಿದರೆ, ಹಿರಿಯರೇ, ಯಾರೂ ಎದ್ದು ನಿಂತು ಯಾರು ಹೋದರು ಎಂದು ಕೇಳಬೇಡಿ. ಯಾರೂ ಹೋಗಿಲ್ಲ. ಸಾದಲಿಯ ಮುನಿವೆಂಕಟಪ್ಪ ಬಂದಿದ್ದಾನೆ, ಈ ಸಲ ಯಾವ ಸುದ್ದಿಯೂ ತಂದಿಲ್ಲ, ಸುಮ್ಮನೆ ಬಂದಿದ್ದಾನೆ ಎಂದುಕೊಳ್ಳಿ. ದಣಿದು ಬಂದಿದ್ದಾನೆ. ಅವನಿಗೆ ಒಂದು ಚೊಂಬು ನೀರು ಕೊಡಿ.

ನಮಸ್ಕಾರ.